ಬೇಸ್ ಟ್ರಾಂಬೋನಿಗೆ ಯಾವ ವಾಲ್ವ್? ಮಲೆನಾಡಿನ ವಾದಕರಿಗೊಂದು ಸಮಗ್ರ ಮಾರ್ಗದರ್ಶಿ

ಬೇಸ್ ಟ್ರಾಂಬೋನ್, ಅಂದರೆ ಜಾರುವ ಕೊಳವೆಯ (ಸ್ಲೈಡ್) ಹಿತ್ತಾಳೆ ಊದುವಾದ್ಯದ ಮಂದ್ರದ ಬಗೆ, ಕೊಳ್ಳಬೇಕೆಂದು ಬಂದವರು ಸಾಮಾನ್ಯವಾಗಿ ಮೊದಲು ಕೇಳುವುದು ಯಾವ ಕಂಪನಿಯ ವಾದ್ಯ ಒಳ್ಳೆಯದು ಎಂದು. ಉತ್ತರ ಹೇಳುವ ಮೊದಲು ನಾನು ಅವರಿಂದ ಮೂರು ವಿಷಯ ತಿಳಿದುಕೊಳ್ಳುತ್ತೇನೆ: ಅವರು ನುಡಿಸುವ ಸಂಗೀತ ಯಾವುದು, ಆಷಾಢ ಶ್ರಾವಣದ ಮಳೆಯಲ್ಲಿ ಆ ವಾದ್ಯ ಯಾವ ಊರಿನ ಎಂಥ ಮನೆಯಲ್ಲಿ ಇರುತ್ತದೆ, ವಾಲ್ವ್ (ಗಾಳಿಯನ್ನು ಹೆಚ್ಚುವರಿ ಕೊಳವೆಗೆ ತಿರುಗಿಸುವ ಭಾಗ) ಕೆಟ್ಟರೆ ಅದನ್ನು ಯಾರ ಕೈಗೆ ಕೊಡುತ್ತಾರೆ. ಈ ಮೂರಕ್ಕೆ ಉತ್ತರ ಸಿಕ್ಕರೆ ವಾಲ್ವ್ ತಾನಾಗಿಯೇ ಗೊತ್ತಾಗುತ್ತದೆ. ಕಂಪನಿಯ ಹೆಸರು ಆಮೇಲಿನ ಮಾತು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಚರ್ಚಿನ ವಾದ್ಯವೃಂದದಲ್ಲೋ ಬ್ಯಾಂಡ್ ಸೆಟ್ಟಿನಲ್ಲೋ ಟೆನರ್ ಟ್ರಾಂಬೋನ್ ನುಡಿಸಿ, ಈಗ ಬೇಸ್ ಕಡೆಗೆ ಬರಬೇಕೆಂದಿರುವವರನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ.

ಮೊದಲ ಹೆಜ್ಜೆ: ಯಾವ ಸ್ವರ ಎಲ್ಲಿ ತಪ್ಪಿಹೋಗುತ್ತದೆ ಎಂದು ಲೆಕ್ಕ ಹಾಕಿ

ವಾಲ್ವ್ ಏಕೆ ಬೇಕೆಂದು ತಿಳಿಯದೆ ಯಾವ ವಾಲ್ವ್ ಬೇಕೆಂದು ತೀರ್ಮಾನಿಸಲಾಗದು. ಟೆನರ್ ಮತ್ತು ಬೇಸ್ ಟ್ರಾಂಬೋನ್ ಎರಡರ ಮೂಲ ಕೊಳವೆಯ ಉದ್ದವೂ ಒಂದೇ, ಸುಮಾರು 2.75 ಮೀಟರ್, ಎರಡರ ಆಧಾರ ಸ್ವರವೂ ಬಿ ಫ್ಲ್ಯಾಟ್ (ಫ್ಲ್ಯಾಟ್ ಅಂದರೆ ಒಂದು ಸ್ವರಸ್ಥಾನ ಇಳಿಸಿದ ಸ್ವರ). ವ್ಯತ್ಯಾಸವಿರುವುದು ಅಗಲದಲ್ಲಿ. ದೊಡ್ಡ ಬೋರಿನ ಟೆನರ್ ವಾದ್ಯದ ಸ್ಲೈಡಿನ ಒಳವ್ಯಾಸ 13.9 ಮಿ.ಮೀ. ಇದ್ದರೆ ಬೇಸ್ ವಾದ್ಯದಲ್ಲಿ ಸಾಮಾನ್ಯವಾಗಿ 14.3 ಮಿ.ಮೀ. ಇರುತ್ತದೆ, ಬೆಲ್ಲಿನ, ಅಂದರೆ ಮುಂದಿನ ಕಹಳೆಭಾಗದ, ಬಾಯಿ ಒಂಬತ್ತೂವರೆಯಿಂದ ಹತ್ತೂವರೆ ಇಂಚಿನವರೆಗೆ ಹಿಗ್ಗುತ್ತದೆ. ಮಂದ್ರದ ಸ್ವರಗಳಿಗೆ ತುಂಬಿದ ದನಿ ಬರುವುದು ಈ ಅಗಲದಿಂದ. ಆದರೆ ಆ ಸ್ವರಗಳನ್ನು ತಲುಪಲು ಅಗಲ ಸಾಲದು, ಉದ್ದ ಬೇಕು.

ಒಂದು ಸ್ವರಸ್ಥಾನ ಕೆಳಗಿಳಿಯಬೇಕಾದರೆ ಕೊಳವೆಯ ಉದ್ದವನ್ನು ಸುಮಾರು ಶೇ. 6ರಷ್ಟು ಹೆಚ್ಚಿಸಬೇಕು. ಸ್ಲೈಡಿನಲ್ಲಿ ಎರಡು ಕೊಳವೆಗಳು ಜೊತೆಯಾಗಿ ಚಲಿಸುವುದರಿಂದ ಕೈ ಸರಿಯುವುದು ಅದರ ಅರ್ಧ. ಹೀಗೆ ಎರಡನೆಯ ಪೊಸಿಷನ್ (ಸ್ಲೈಡ್ ನಿಲ್ಲಿಸುವ ಜಾಗ; ಪೂರ್ತಿ ಒಳಗಿದ್ದರೆ ಮೊದಲನೆಯದು) ಸುಮಾರು 8 ಸೆಂ.ಮೀ. ದೂರದಲ್ಲಿಯೂ ಏಳನೆಯದು ಸುಮಾರು 57 ಸೆಂ.ಮೀ. ದೂರದಲ್ಲಿಯೂ ಬೀಳುತ್ತದೆ. ವಾಲ್ವ್ ಇಲ್ಲದ ವಾದ್ಯದಲ್ಲಿ ಎರಡನೆಯ ಸಹಸ್ವರದ (ಒಂದೇ ಉದ್ದದ ಕೊಳವೆಯಲ್ಲಿ ತುಟಿಯ ಬಿಗಿಯಿಂದ ಸಿಗುವ ಸ್ವರಗಳಲ್ಲಿ ಕೆಳಗಿನಿಂದ ಎರಡನೆಯದರ) ಮೇಲೆ ಇಳಿಯುತ್ತ ಹೋದರೆ ಏಳನೆಯ ಪೊಸಿಷನ್ನಿನಲ್ಲಿ ಕೆಳಗಿನ ಇ ಸಿಗುತ್ತದೆ; ಅಲ್ಲಿಂದ ಕೆಳಗೆ ಮತ್ತೆ ಸುಲಭವಾಗಿ ಸಿಗುವುದು ಪೆಡಲ್ ಎಂದು ಕರೆಯುವ ಆಧಾರ ಸ್ವರವಾದ ಬಿ ಫ್ಲ್ಯಾಟ್. ನಡುವಿನ ಇ ಫ್ಲ್ಯಾಟ್, ಡಿ, ಡಿ ಫ್ಲ್ಯಾಟ್, ಸಿ, ಬಿ ಈ ಐದು ಸ್ವರಗಳು ಕಾಲುಸಂಕವಿಲ್ಲದ ಹಳ್ಳದ ಹಾಗೆ ಉಳಿದುಬಿಡುತ್ತವೆ.

ಈ ಹಳ್ಳಕ್ಕೆ ಮೊದಲ ಸಂಕ ಹಾಕಿದವರು ಜರ್ಮನಿಯ ಲೈಪ್‌ಜಿಗ್‌ನ ಕ್ರಿಸ್ಟಿಯನ್ ಫ್ರೀಡ್ರಿಕ್ ಸಾಟ್ಲರ್, 1839ರಲ್ಲಿ. ಎಡಗೈ ಹೆಬ್ಬೆರಳಿನಿಂದ ಟ್ರಿಗರ್ (ವಾಲ್ವ್ ತಿರುಗಿಸುವ ಸನ್ನೆ) ಒತ್ತಿದರೆ ಗಾಳಿ ಸುಮಾರು 92 ಸೆಂ.ಮೀ. ಉದ್ದದ ಬಳಸುಕೊಳವೆಯನ್ನು ಹಾದು ಬರುವಂತೆ ಅವರು ಮಾಡಿದರು. ಆಗ ಇಡೀ ವಾದ್ಯ ಬಿ ಫ್ಲ್ಯಾಟಿನಿಂದ ಎಫ್‌ಗೆ, ಅಂದರೆ ನಮ್ಮ ಲೆಕ್ಕದಲ್ಲಿ ಶುದ್ಧ ಮಧ್ಯಮದಿಂದ ಷಡ್ಜಕ್ಕೆ ಇಳಿದಷ್ಟು, ಕೆಳಗಿಳಿಯುತ್ತದೆ. ಆದರೆ ಉದ್ದ ಹೆಚ್ಚಾದ ಕೂಡಲೆ ಪೊಸಿಷನ್‌ಗಳ ಅಂತರವೂ ಹಿಗ್ಗುತ್ತದೆ ಎಂಬುದನ್ನು ಹೊಸಬರು ಮರೆಯುತ್ತಾರೆ. ಎಫ್ ವಾಲ್ವ್ ಒತ್ತಿದಾಗ ಒಂದೊಂದು ಸ್ವರಸ್ಥಾನಕ್ಕೆ 11 ಸೆಂ.ಮೀ.ನಿಂದ 14 ಸೆಂ.ಮೀ.ವರೆಗೆ ಸರಿಯಬೇಕು, ಸಿ ಸಿಗುವ ಹೊತ್ತಿಗೆ ಸ್ಲೈಡ್ 61 ಸೆಂ.ಮೀ. ದಾಟಿ ತನ್ನ ಕೊನೆಯಂಚಿಗೆ ಬಂದಿರುತ್ತದೆ. ಬಿ ನ್ಯಾಚುರಲ್, ಅಂದರೆ ಫ್ಲ್ಯಾಟ್ ಅಲ್ಲದ ಬಿ, ಆಚೆಯೇ ಉಳಿಯುತ್ತದೆ. ಎಫ್ ಕೊಳವೆಯ ಟ್ಯೂನಿಂಗ್ ಸ್ಲೈಡನ್ನು (ಶ್ರುತಿ ಹೊಂದಿಸುವ ಚಿಕ್ಕ ಜಾರುಕೊಳವೆಯನ್ನು) ಸುಮಾರು 11 ಸೆಂ.ಮೀ. ಹೊರಗೆಳೆದು ಇ ಶ್ರುತಿಗೆ ತಂದುಕೊಂಡರೆ ಸಿ ಸಲೀಸಾಗುತ್ತದೆಯಾದರೂ, ಬಿ ಸ್ವರವನ್ನು ಆಗಲೂ ಸ್ಲೈಡಿನ ತುದಿಯಲ್ಲಿ ನಿಂತು ತುಟಿಯಿಂದ ಜಗ್ಗಿಯೇ ಇಳಿಸಬೇಕು.

ಎರಡನೆಯ ಹೆಜ್ಜೆ: ನಿಮಗೆ ಆ ಸ್ವರ ನಿಜವಾಗಿ ಬೇಕೇ ನೋಡಿ

ನೀವು ನುಡಿಸುವ ಪುಸ್ತಕಗಳನ್ನೂ ಹಾಳೆಗಳನ್ನೂ ಮುಂದಿಟ್ಟುಕೊಂಡು ಕೂರಿ. ಪ್ರತಿ ಹಾಡಿನಲ್ಲಿ ನಿಮ್ಮ ಪಾಲಿನ ಅತ್ಯಂತ ಕೆಳಗಿನ ಸ್ವರ ಯಾವುದೆಂದು ಪೆನ್ಸಿಲಿನಿಂದ ಗುರುತು ಹಾಕಿ. ಇದಕ್ಕೆ ಒಂದು ಸಂಜೆ ಸಾಕು. ಲಕ್ಷಗಟ್ಟಲೆ ರೂಪಾಯಿಯ ತೀರ್ಮಾನಕ್ಕೆ ಇದಕ್ಕಿಂತ ಒಳ್ಳೆಯ ಆಧಾರ ನನಗೆ ಗೊತ್ತಿಲ್ಲ. ಚರ್ಚಿನ ಕೀರ್ತನೆಗಳ ನಾಲ್ಕು ದನಿಯ ಬರಹದಲ್ಲಿ ಬೇಸ್ ಸಾಲು ಕೆಳಗಿನ ಎಫ್ ಅಥವಾ ಇ ಬಿಟ್ಟು ಕೆಳಗಿಳಿಯುವುದು ಅಪರೂಪ, ಏಕೆಂದರೆ ಅದನ್ನು ಬರೆದದ್ದು ಮನುಷ್ಯರ ಕೊರಳಿಗೆ. ಬ್ಯಾಂಡ್ ಸೆಟ್ಟಿನಲ್ಲಿ ಮದುವೆ ಮೆರವಣಿಗೆಗೆ ನುಡಿಸುವ ಚಿತ್ರಗೀತೆಗಳ ಬೇಸ್ ಸಾಲೂ ಬಹುಪಾಲು ಅಷ್ಟರೊಳಗೇ ಇರುತ್ತದೆ. ಇಷ್ಟೇ ನಿಮ್ಮ ಕೆಲಸವಾದರೆ ಒಂದೇ ವಾಲ್ವಿನ ವಾದ್ಯ ಸಾಕು. ಹಗುರ, ಅಗ್ಗ, ಕೆಡುವ ಭಾಗವೂ ಕಡಿಮೆ. ಎರಡು ವಾಲ್ವ್ ಇದ್ದರೇನೇ ಬೇಸ್ ಟ್ರಾಂಬೋನ್ ಎಂಬ ಮಾತಿಗೆ ಕಿವಿಗೊಡಬೇಡಿ.

ಆದರೆ ದೊಡ್ಡ ವಿಂಡ್ ಬ್ಯಾಂಡ್ ಸಂಗೀತ, ಆರ್ಕೆಸ್ಟ್ರಾ ಸಂಗೀತ, ಬಿಗ್ ಬ್ಯಾಂಡ್ ಜಾಝ್ ಇವುಗಳಲ್ಲಿ ಯಾವುದನ್ನಾದರೂ ನುಡಿಸುವ ಆಸೆಯಿದ್ದರೆ ಎರಡನೆಯ ವಾಲ್ವ್ ಬೇಕೇಬೇಕು. ಹಂಗೇರಿಯ ಸಂಗೀತ ರಚನಕಾರ ಬೇಲಾ ಬಾರ್ಟೋಕ್ 1943ರಲ್ಲಿ ಬರೆದ ಕನ್ಸರ್ಟೊ ಫಾರ್ ಆರ್ಕೆಸ್ಟ್ರಾದಲ್ಲಿ ಬೇಸ್ ಟ್ರಾಂಬೋನ್ ಆ ಬಿ ನ್ಯಾಚುರಲ್ಲಿನಿಂದ ಎಫ್‌ವರೆಗೆ ಜಾರು ನುಡಿಸಬೇಕು. ಅಂಥ ಕೃತಿ ನಮ್ಮೂರಿನಲ್ಲಿ ನುಡಿಸುವ ಸಂದರ್ಭ ಸದ್ಯಕ್ಕೆ ಬಾರದಿರಬಹುದು. ಆದರೂ ಬೆಂಗಳೂರಿಗೋ ಮೈಸೂರಿಗೋ ಹೋಗಿ ಮುಂದುವರಿಯಬೇಕೆಂಬ ಹುಡುಗ ಹುಡುಗಿಯರಿಗೆ ಒಂದು ವಾಲ್ವಿನ ವಾದ್ಯ ಕೊಡಿಸಿದರೆ ಮೂರು ವರ್ಷದೊಳಗೆ ಮತ್ತೆ ಹಣ ಹೊಂದಿಸಬೇಕಾಗುತ್ತದೆ.

ಮೂರನೆಯ ಹೆಜ್ಜೆ: ಎರಡು ವಾಲ್ವ್‌ಗಳ ನಂಟು ಹೇಗಿರಬೇಕು

ಎರಡನೆಯ ವಾಲ್ವನ್ನು ಎರಡು ರೀತಿಯಲ್ಲಿ ಕೂರಿಸುತ್ತಾರೆ. ಒಂದರಲ್ಲಿ ಅದು ಎಫ್ ವಾಲ್ವಿನ ಬಳಸುಕೊಳವೆಯ ಒಳಗೇ ಇರುತ್ತದೆ. ಎಫ್ ಒತ್ತಿದಾಗ ಮಾತ್ರ ಅದಕ್ಕೆ ಕೆಲಸ. ಇದನ್ನು ಡಿಪೆಂಡೆಂಟ್ ಎನ್ನುತ್ತಾರೆ, ಅವಲಂಬಿತ ಜೋಡಣೆ. ಇನ್ನೊಂದರಲ್ಲಿ ಎರಡೂ ವಾಲ್ವ್‌ಗಳು ಮುಖ್ಯ ಕೊಳವೆಯ ಮೇಲೆಯೇ ಒಂದರ ಹಿಂದೊಂದು ಕೂತಿರುತ್ತವೆ. ಯಾವುದನ್ನು ಬೇಕಾದರೂ ಪ್ರತ್ಯೇಕವಾಗಿ ಒತ್ತಬಹುದು. ಇದು ಇಂಡಿಪೆಂಡೆಂಟ್, ಅಂದರೆ ಸ್ವತಂತ್ರ ಜೋಡಣೆ. ಸ್ವತಂತ್ರ ಜೋಡಣೆಯ ಎರಡನೆಯ ವಾಲ್ವ್ ಸಾಮಾನ್ಯವಾಗಿ ಜಿ ಫ್ಲ್ಯಾಟಿನದು, ಎರಡನ್ನೂ ಒತ್ತಿದರೆ ಡಿ.

ಇಲ್ಲಿ ಒಂದು ಸಂಶಯ ಎಲ್ಲರಿಗೂ ಬರುತ್ತದೆ. ಎಫ್ ಐದು ಸ್ವರಸ್ಥಾನ ಇಳಿಸುತ್ತದೆ, ಜಿ ಫ್ಲ್ಯಾಟ್ ನಾಲ್ಕು. ಎರಡೂ ಸೇರಿದರೆ ಒಂಬತ್ತು ಇಳಿದು ಡಿ ಫ್ಲ್ಯಾಟ್ ಬರಬೇಕಲ್ಲವೆ? ಬರುವುದಿಲ್ಲ. ಕೂಡುವುದು ಉದ್ದಗಳು, ಸ್ವರಸ್ಥಾನಗಳಲ್ಲ. ಎಫ್‌ಗೆ 92 ಸೆಂ.ಮೀ., ಜಿ ಫ್ಲ್ಯಾಟಿಗೆ ಸುಮಾರು 71 ಸೆಂ.ಮೀ.; ಒಟ್ಟು 163 ಸೆಂ.ಮೀ. ಎಂಟು ಸ್ವರಸ್ಥಾನ ಇಳಿದು ಡಿ ತಲುಪಲು ಬೇಕಾಗುವುದು 161 ಸೆಂ.ಮೀ. ಹಾಗಾಗಿ ಎರಡನ್ನೂ ಒತ್ತಿದಾಗ ಡಿ ಸ್ವರ ಕೂದಲೆಳೆಯಷ್ಟು ಇಳಿದೇ ಬರುತ್ತದೆ. ಜಿ ಫ್ಲ್ಯಾಟ್ ಕೊಳವೆಯನ್ನು ತುಸು ಏರಿಸಿ ಶ್ರುತಿ ಮಾಡಿಕೊಂಡರೆ ಅದು ಸರಿಹೋಗುತ್ತದೆ; ಜಿ ಫ್ಲ್ಯಾಟ್ ಒಂದನ್ನೇ ಒತ್ತಿದಾಗ ಸ್ಲೈಡನ್ನು ಕೂದಲಷ್ಟು ಹೊರಗಿಟ್ಟು ಆ ಏರಿಕೆಯನ್ನು ತೀರಿಸಬೇಕು. ಎರಡನ್ನೂ ಒತ್ತಿ ಡಿ ಫ್ಲ್ಯಾಟ್ 13 ಸೆಂ.ಮೀ.ಗೆ, ಸಿ ಸುಮಾರು 27 ಸೆಂ.ಮೀ.ಗೆ, ಅಂದರೆ ನಾಲ್ಕನೆಯ ಪೊಸಿಷನ್ನಿನ ಮಗ್ಗುಲಲ್ಲೇ, ಬಿ ನ್ಯಾಚುರಲ್ 41 ಸೆಂ.ಮೀ.ಗೆ ಸಿಗುತ್ತವೆ. ಸ್ಲೈಡಿನ ತುದಿಯಲ್ಲಿ ಒದ್ದಾಡಿಯೂ ಸಿಗದಿದ್ದ ಸ್ವರ ಮೊಣಕೈ ಪೂರ್ತಿ ಚಾಚುವ ಮೊದಲೇ ಬಂದುಬಿಡುತ್ತದೆ. ಮೊದಲ ಸಲ ಆ ಬಿ ಸ್ವರ ತುಂಬಿ ನಿಂತಾಗ ನನ್ನ ಎದೆಗೂಡೇ ನಡುಗಿದ್ದು ಇಂದಿಗೂ ನೆನಪಿದೆ.

ಸ್ವತಂತ್ರ ಜೋಡಣೆಯ ಇನ್ನೊಂದು ಅನುಕೂಲ ದಿನನಿತ್ಯದ್ದು. ಜಿ ಫ್ಲ್ಯಾಟ್ ಮತ್ತು ಅದರ ಮೇಲಿನ ಡಿ ಫ್ಲ್ಯಾಟ್ ಎರಡೂ ಖಾಲಿ ವಾದ್ಯದಲ್ಲಿ (ಟ್ರಿಗರ್ ಒತ್ತದಿದ್ದಾಗ) ಐದನೆಯ ಪೊಸಿಷನ್ನಿನವು. ಜಿ ಫ್ಲ್ಯಾಟ್ ವಾಲ್ವ್ ಒತ್ತಿದರೆ ಮೊದಲನೆಯದರಲ್ಲೇ ಸಿಗುತ್ತವೆ. ವೇಗದ ಸಾಲುಗಳಲ್ಲಿ ಕೈ ಓಡಾಟ ಅರ್ಧಕ್ಕರ್ಧ ಉಳಿಯುತ್ತದೆ. ಅವಲಂಬಿತ ಜೋಡಣೆಗೂ ಅದರದೇ ಬಲವಿದೆ: ಟ್ರಿಗರ್ ಒತ್ತದೆ ನುಡಿಸುವಾಗ ಗಾಳಿ ಹಾದುಹೋಗುವುದು ಒಂದೇ ವಾಲ್ವನ್ನು. ಸ್ವತಂತ್ರ ವಾದ್ಯದಲ್ಲಿ ಖಾಲಿ ನುಡಿಸುವಾಗಲೂ ಎರಡು ವಾಲ್ವ್ ದಾಟಬೇಕು. ವಾಲ್ವ್ ಕಳಪೆಯಾದರೆ ಆ ಅಡಚಣೆ ಉಸಿರಿಗೆ ಎರಡು ಪಟ್ಟು ತಗಲುತ್ತದೆ. ಆದ್ದರಿಂದ ಕಡಿಮೆ ಬೆಲೆಯ ವಾದ್ಯವಾದರೆ ಅವಲಂಬಿತ, ಒಳ್ಳೆಯ ವಾಲ್ವಿನ ವಾದ್ಯವಾದರೆ ಸ್ವತಂತ್ರ ಎಂಬುದು ನನ್ನ ಸಲಹೆ.

ನಾಲ್ಕನೆಯ ಹೆಜ್ಜೆ: ವಾಲ್ವಿನ ಒಳಗೆ ಗಾಳಿ ಹೇಗೆ ತಿರುಗುತ್ತದೆ ತಿಳಿಯಿರಿ

ಹೆಚ್ಚು ಕಾಣಸಿಗುವುದು ಸಾಂಪ್ರದಾಯಿಕ ರೋಟರಿ. ಹಿತ್ತಾಳೆಯ ಕವಚದೊಳಗೆ ದುಂಡನೆಯ ರೋಟರ್, ಅದರ ಮೈಯಲ್ಲಿ ಕೊರೆದ ಎರಡು ಬಾಗಿದ ದಾರಿಗಳು. ಟ್ರಿಗರ್ ಒತ್ತಿದರೆ ರೋಟರ್ ಕಾಲು ಸುತ್ತು ತಿರುಗಿ ಗಾಳಿಯನ್ನು ಬಳಸುಕೊಳವೆಗೆ ಕಳಿಸುತ್ತದೆ, ಇನ್ನೊಂದು ದಾರಿ ಅದನ್ನು ಮರಳಿ ತರುತ್ತದೆ. ಗಾತ್ರ ಚಿಕ್ಕದು, ತೂಕ ಕಡಿಮೆ, ತಿರುಗುವ ದೂರ ಕಡಿಮೆ, ಆದ್ದರಿಂದ ಚುರುಕು. ದೋಷವೆಂದರೆ ಗಾಳಿಯ ದಾರಿ ಇಕ್ಕಟ್ಟಾಗಿ, ಚೂಪಾಗಿ ಬಾಗುತ್ತದೆ. ಟ್ರಿಗರ್ ಒತ್ತಿದಾಗ ದನಿ ಸ್ವಲ್ಪ ಮುಚ್ಚಿಕೊಂಡಂತೆ, ಕಂಬಳಿಯೊಳಗಿನಿಂದ ಬಂದಂತೆ ನುಡಿಸುವವನಿಗೆ ಅನ್ನಿಸುತ್ತದೆ. ಆದರೆ ಇದೇ ಅಡಚಣೆಯ ಮೇಲೆ ಉಸಿರನ್ನು ಆತುಕೊಂಡು ನುಡಿಸುವುದನ್ನು ಇಷ್ಟಪಡುವವರು ಬಹಳ ಮಂದಿ. ಸ್ವರ ತನ್ನ ಜಾಗದಲ್ಲಿ ಗಟ್ಟಿಯಾಗಿ ಕೂರುತ್ತದೆ ಎಂಬುದು ಅವರ ಅನುಭವ, ನನ್ನದೂ ಹೌದು.

ಈ ಅಡಚಣೆಯನ್ನು ತೆಗೆಯಬೇಕೆಂದು ಅಮೆರಿಕದ ಓರೆಗಾನ್ ರಾಜ್ಯದ ಎಡ್ ಥೇಯರ್ 1970ರ ದಶಕದಲ್ಲಿ ರೂಪಿಸಿದ್ದು ಆಕ್ಸಿಯಲ್ ಫ್ಲೋ ವಾಲ್ವ್. ಹಲವರು ಅದನ್ನು ಥೇಯರ್ ವಾಲ್ವ್ ಎಂದೇ ಕರೆಯುತ್ತಾರೆ. ಇದರ ರೋಟರ್ ಶಂಕುವಿನ ಆಕಾರದ್ದು, ತಿರುಗುವ ಅಚ್ಚು ಗಾಳಿ ಸಾಗುವ ದಿಕ್ಕಿಗೇ ಇದೆ. ಗಾಳಿ ಚೂಪಾಗಿ ಬಾಗದೆ ಓರೆಯಾಗಿ ಹಾದುಹೋಗುತ್ತದೆ. ಟ್ರಿಗರ್ ಒತ್ತಿದ ಸ್ವರಕ್ಕೂ ಒತ್ತದ ಸ್ವರಕ್ಕೂ ವ್ಯತ್ಯಾಸವೇ ಇಲ್ಲವೆನ್ನುವಷ್ಟು ಬಿಚ್ಚುದನಿ ಬರುತ್ತದೆ, ಆದರೆ ಉಸಿರನ್ನೂ ಅಷ್ಟೇ ಕೇಳುತ್ತದೆ. ಗಾತ್ರ ದೊಡ್ಡದು, ಎರಡು ಕೂರಿಸಿದರೆ ಎಡಗೈಗೆ ಭಾರ ಚೆನ್ನಾಗಿಯೇ ತಿಳಿಯುತ್ತದೆ. ಶಂಕುವನ್ನು ಕವಚದೊಳಗೆ ಎಷ್ಟು ಬಿಗಿಯಾಗಿ ಕೂರಿಸಬೇಕೆಂಬ ಹೊಂದಾಣಿಕೆ ಬಹಳ ಸೂಕ್ಷ್ಮ: ಸಡಿಲವಾದರೆ ಗಾಳಿ ಸೋರುತ್ತದೆ, ಬಿಗಿಯಾದರೆ ತಿರುಗುವುದಿಲ್ಲ. ಮೈ ದೊಡ್ಡದಾದ್ದರಿಂದ ಎಣ್ಣೆಯೂ ಪದೇ ಪದೇ ಬೇಕು.

ಮೂರನೆಯದು ಸ್ವಿಟ್ಜರ್ಲೆಂಡಿನ ಜಿನೀವಾದ ರೆನೆ ಹಾಗ್‌ಮನ್ ಅವರ ವಾಲ್ವ್. ರೋಟರ್ ದುಂಡಗೇ ಇದೆ, ಆದರೆ ಅಗಲವಾಗಿದೆ. ಒಳಗೆ ಎರಡರ ಬದಲು ಮೂರು ದಾರಿಗಳಿವೆ. ಖಾಲಿ ನುಡಿಸುವಾಗಿನ ಗಾಳಿಗೆ ಅದರದೇ ಪ್ರತ್ಯೇಕ ದಾರಿ ಇರುವುದರಿಂದ ಬಾಗುವಿಕೆ ಕಡಿಮೆ. ನನ್ನ ಅನುಭವದಲ್ಲಿ ಇದು ಹಿಂದಿನ ಎರಡರ ನಡುವಿನದು: ರೋಟರಿಗಿಂತ ಬಿಡುವು, ಆಕ್ಸಿಯಲ್‌ಗಿಂತ ಹಿಡಿತ. ಆದರೆ ದೊಡ್ಡ ರೋಟರ್ ತಿರುಗಿ ನಿಲ್ಲುವಾಗಿನ ಪೆಟ್ಟನ್ನು ತಡೆಯುವ ರಬ್ಬರ್ ತುಂಡುಗಳು ಸವೆದರೆ ಟಕ್ ಟಕ್ ಸದ್ದು ಪ್ರಾರ್ಥನೆಯ ನಡುವೆ ಇಡೀ ಸಭೆಗೆ ಕೇಳುತ್ತದೆ.

ಇವಲ್ಲದೆ ವಿಲ್ಸನ್ ಕಂಪನಿಯ ರೋಟಾಕ್ಸ್, ಸ್ವೀಡನ್ನಿನ ಟ್ರಾಂಬೋನ್ ವಾದಕ ಕ್ರಿಸ್ಟಿಯನ್ ಲಿಂಡ್‌ಬರ್ಗ್ ಅವರ ಹೆಸರಿನ ಮೊದಲಕ್ಷರಗಳನ್ನು ಹೊತ್ತ ಕಾನ್ ಕಂಪನಿಯ ಸಿಎಲ್2000 ಮುಂತಾದವೂ ಇವೆ. ಉದ್ದೇಶ ಎಲ್ಲದರದೂ ಒಂದೇ, ಗಾಳಿಗೆ ಬಾಗು ಕಡಿಮೆ ಮಾಡುವುದು. ಬಿಡಿಭಾಗ ಸಿಗುವುದು ಖಚಿತವಿಲ್ಲದೆ ಇವುಗಳತ್ತ ಹೋಗಬೇಡಿ.

ಐದನೆಯ ಹೆಜ್ಜೆ: ನಿಮ್ಮ ಊರಿನ ಮಳೆಯನ್ನೂ ದಾರಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ

ಒಣ ಹವೆಯ ಊರುಗಳಲ್ಲಿ ಬರೆದ ಮಾರ್ಗದರ್ಶಿಗಳಲ್ಲಿ ಇಲ್ಲದ ಹೆಜ್ಜೆ ಇದು, ನಮಗೆ ಬಹುಮುಖ್ಯವಾದದ್ದೂ ಇದೇ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ. ಶಿವಮೊಗ್ಗ ಪೇಟೆಯಲ್ಲಿ ಅಷ್ಟಿಲ್ಲ ನಿಜ, ಆದರೆ ಗಾಜನೂರು ದಾಟಿ ಮಂಡಗದ್ದೆಯ ಕಡೆ ಹೊರಟರೆ ಹವೆಯ ತೇವ ಮೈಗೇ ತಿಳಿಯುತ್ತದೆ. ಆರಿದ್ರಾದಿಂದ ಆಶ್ಲೇಷಾವರೆಗೆ ಪೆಟ್ಟಿಗೆಯ ಒಳಬಟ್ಟೆಗೆ ಬೂಷ್ಟು ಹಿಡಿಯುತ್ತದೆ, ಹಿತ್ತಾಳೆಗೆ ಕಿಲುಬು ಕಟ್ಟುತ್ತದೆ. ವಾಲ್ವಿನ ರೋಟರಿಗೂ ಕವಚಕ್ಕೂ ನಡುವಿನ ಸಂದು ಮಿಲಿಮೀಟರಿನ ನೂರನೆಯ ಕೆಲವು ಭಾಗ ಮಾತ್ರ. ಹೊರಮೈಯಲ್ಲಿ ಒರೆಸಿ ತೆಗೆಯಬಹುದಾದಷ್ಟು ಕಿಲುಬು ಅಲ್ಲಿ ಬೀಗ ಹಾಕಿದಂತೆ ಕೂರುತ್ತದೆ.

ನಾನು ಮೊದಲು ಕೊಂಡದ್ದು ಬಳಸಿದ ಆಕ್ಸಿಯಲ್ ವಾಲ್ವಿನ ವಾದ್ಯ. ಬೆಂಗಳೂರಿನ ಅಂಗಡಿಯಲ್ಲಿ ಚಳಿಗಾಲದ ಒಣ ಮಧ್ಯಾಹ್ನ ಹತ್ತು ನಿಮಿಷ ನುಡಿಸಿ, ಆ ಬಿಚ್ಚುದನಿಗೆ ಮನಸೋತು, ಮಾರುವವರು ವಾಲ್ವಿನ ಬಿಗಿ ಹೊಂದಿಸುವ ಬಗ್ಗೆ ಏನೂ ಹೇಳದಿದ್ದರೂ ಕೇಳದೆ ತಂದೆ. ಪುನರ್ವಸು ಮಳೆಯ ಮೂರನೆಯ ದಿನ, ತೀರ್ಥಹಳ್ಳಿಯ ಹತ್ತಿರದ ಮದುವೆಯೊಂದರ ಹಿಂದಿನ ರಾತ್ರಿ, ಎಫ್ ಟ್ರಿಗರ್ ಒತ್ತಿದ್ದು ಒತ್ತಿದಂತೆಯೇ ನಿಂತಿತು. ಎಣ್ಣೆ ಬಿಟ್ಟೆ, ಬಿಸಿ ಬಟ್ಟೆ ಸುತ್ತಿದೆ, ಹೆಬ್ಬೆರಳಿನಿಂದ ಹಿಂದಕ್ಕೆ ತಳ್ಳುತ್ತ ನುಡಿಸಿ ನೋಡಿದೆ, ಆಗಲಿಲ್ಲ. ಮದುವೆಗೆ ಹಳೆಯ ಟೆನರ್ ಒಯ್ದೆ. ಆ ವಾದ್ಯವನ್ನು ಹೊತ್ತು ಸುಮಾರು 300 ಕಿ.ಮೀ. ದೂರದ ಬೆಂಗಳೂರಿಗೆ ಹೋಗಿ, ಬಿಟ್ಟು ಬಂದು, ಮತ್ತೆ ಹೋಗಿ ತರುವ ಹೊತ್ತಿಗೆ ಮಖೆ ಮಳೆ ಮುಗಿದಿತ್ತು. ವಾಲ್ವಿನ ವಿನ್ಯಾಸದಲ್ಲಿ ತಪ್ಪಿರಲಿಲ್ಲ. ವಾರಕ್ಕೊಮ್ಮೆ ನೋಡಿಕೊಳ್ಳುವ ಕೈ ಹತ್ತಿರವಿರುವ ಊರಿಗೆ ಅದು ಹೇಳಿಸಿದ್ದು, ನನ್ನ ಮನೆಗಲ್ಲ.

ಆದ್ದರಿಂದ ನನ್ನ ತೀರ್ಮಾನ ಹೀಗೆ. ಮಲೆನಾಡಿನಲ್ಲಿ ನೆಲೆಸಿ ನುಡಿಸುವವರಿಗೆ ಮೊದಲ ಆಯ್ಕೆ ಒಳ್ಳೆಯ ತಯಾರಿಕೆಯ ಸಾಂಪ್ರದಾಯಿಕ ರೋಟರಿ. ವಾದ್ಯವನ್ನು ದಿನಾ ತೆಗೆದು ನುಡಿಸುವ, ಎಣ್ಣೆಯ ವಿಷಯದಲ್ಲಿ ಸೋಮಾರಿತನವಿಲ್ಲದ, ಹೆಚ್ಚು ಹಣ ಹಾಕಬಲ್ಲವರಿಗೆ ಹಾಗ್‌ಮನ್. ವರ್ಷಕ್ಕೆ ಎರಡು ಸಲವಾದರೂ ಬಲ್ಲ ರಿಪೇರಿಯವರ ಕೈಗೆ ವಾದ್ಯ ಮುಟ್ಟಿಸಬಲ್ಲವರು ಮಾತ್ರ ಆಕ್ಸಿಯಲ್ ತೆಗೆದುಕೊಳ್ಳಲಿ. ಎದುರು ಕೂತು ಕೇಳುವವರಿಗೆ ಈ ಮೂರರ ನಡುವಿನ ವ್ಯತ್ಯಾಸ ನಿಮಗೆ ಅನ್ನಿಸುವುದರ ಕಾಲುಭಾಗವೂ ಕೇಳುವುದಿಲ್ಲ. ಒಬ್ಬರನ್ನು ಸಭಾಂಗಣದ ಕೊನೆಯ ಬೆಂಚಿನಲ್ಲಿ ಕೂರಿಸಿ, ಬೆನ್ನು ತಿರುಗಿಸಿ ನುಡಿಸಿ ನೋಡಿದರೆ ನಿಮಗೇ ಮನವರಿಕೆಯಾಗುತ್ತದೆ.

ಆರನೆಯ ಹೆಜ್ಜೆ: ವಾದ್ಯವನ್ನು ಕೈಗೆತ್ತಿಕೊಂಡು ಪರೀಕ್ಷಿಸಿ

ಮೊದಲು ಗಾಳಿ ಸೋರುತ್ತದೆಯೇ ನೋಡಿ. ಟ್ರಿಗರ್ ಮುಟ್ಟದೆ ಎಫ್ ಟ್ಯೂನಿಂಗ್ ಸ್ಲೈಡನ್ನು ಎರಡು ಇಂಚು ಹೊರಗೆಳೆಯಿರಿ, ಆದರೆ ಪೂರ್ತಿ ತೆಗೆಯಬೇಡಿ. ಐದು ಎಣಿಸಿ. ಈಗ ಟ್ರಿಗರ್ ಒತ್ತಿ. ಬಾಟಲಿಯ ಬಿರಡೆ ತೆಗೆದಂತೆ ಟಪ್ ಎಂಬ ಸದ್ದು ಬಂದರೆ ವಾಲ್ವ್ ಒಳಗಿನ ಗಾಳಿಯನ್ನು ಹಿಡಿದಿಟ್ಟಿತ್ತು ಎಂದರ್ಥ. ಸದ್ದಿಲ್ಲದಿದ್ದರೆ ರೋಟರ್ ಸವೆದಿದೆ ಅಥವಾ ಟ್ಯೂನಿಂಗ್ ಸ್ಲೈಡೇ ಸಡಿಲವಿದೆ. ಸ್ಲೈಡಿಗೆ ಗಟ್ಟಿ ಗ್ರೀಸ್ ಹಚ್ಚಿ ಮತ್ತೊಮ್ಮೆ ಮಾಡಿದರೆ ಯಾವುದೆಂದು ತಿಳಿಯುತ್ತದೆ. ಎರಡನೆಯ ವಾಲ್ವಿಗೂ ಹೀಗೆಯೇ ಮಾಡಿ; ಅವಲಂಬಿತ ಜೋಡಣೆಯಾದರೆ ಎಫ್ ಟ್ರಿಗರನ್ನು ಒತ್ತಿ ಹಿಡಿದೇ ಎರಡನೆಯದನ್ನು ಒತ್ತಬೇಕು. ಆಕ್ಸಿಯಲ್ ವಾಲ್ವಿನಲ್ಲಿ ಸದ್ದು ಸ್ವಲ್ಪ ಮೆತ್ತಗೆ ಬಂದರೆ ಗಾಬರಿಯಾಗಬೇಡಿ, ಆದರೆ ಬರಲೇಬೇಕು.

ಎರಡನೆಯದಾಗಿ, ರೋಟರಿ ವಾಲ್ವಿನ ಹಿಂಬದಿಯ ಮುಚ್ಚಳವನ್ನು ಬೆರಳಿನಿಂದಲೇ ತಿರುಗಿಸಿ ತೆಗೆಯಿರಿ. ಒಳಗೆ ರೋಟರಿನ ತುದಿಯಲ್ಲಿ ಒಂದು ಗೀಟು, ಅದರ ಸುತ್ತಲಿನ ತಟ್ಟೆಯ ಮೇಲೆ ಎರಡು ಗೀಟು ಕಾಣುತ್ತವೆ. ಟ್ರಿಗರ್ ಬಿಟ್ಟಾಗ ಒಂದರ ಜೊತೆ, ಒತ್ತಿದಾಗ ಇನ್ನೊಂದರ ಜೊತೆ ಆ ಗೀಟು ಒಂದೇ ನೇರಕ್ಕೆ ನಿಲ್ಲಬೇಕು. ಶಿವಮೊಗ್ಗದ ದುರ್ಗಿಗುಡಿಯ ಮನೆಯೊಂದರಲ್ಲಿ ಒಬ್ಬ ಹುಡುಗ ಹೊಸದಾಗಿ ತಂದ ವಾದ್ಯವನ್ನು ನನ್ನ ಮುಂದಿಟ್ಟು, ಟ್ರಿಗರ್ ಒತ್ತಿದರೆ ಉಸಿರೇ ಹೋಗುವುದಿಲ್ಲ, ವಾಲ್ವ್ ಬದಲಿಸಬೇಕೇ ಎಂದು ಕೇಳಿದ. ಮುಚ್ಚಳ ತೆಗೆದು ಕಿಟಕಿಯ ಬೆಳಕಿಗೆ ಹಿಡಿದರೆ ಗೀಟು ಗೀಟಿಗಿಂತ ಎಳ್ಳಿನಷ್ಟು ಆಚೆ ಹೋಗಿ ನಿಂತಿತ್ತು. ರೋಟರನ್ನು ತಡೆಯುವ ಕಾರ್ಕ್ ತುಂಡೊಂದು ಜಜ್ಜಿ ತೆಳ್ಳಗಾಗಿತ್ತು, ಅಷ್ಟೆ. ಹೊಸ ಕಾರ್ಕ್ ಕೂರಿಸಿ, ಬ್ಲೇಡಿನಿಂದ ಕಾಗದದ ದಪ್ಪದಷ್ಟು ಕೆತ್ತುತ್ತ, ಒತ್ತಿ ನೋಡುತ್ತ, ಮತ್ತೆ ಕೆತ್ತುತ್ತ ಹೋದೆವು. ಗೀಟುಗಳು ಕೂಡಿದ ಮೇಲೆ ಅವನು ಊದಿದ ಸಿ ಸ್ವರಕ್ಕೆ ಅಡುಗೆಮನೆಯ ಸ್ಟೀಲ್ ತಟ್ಟೆಗಳು ಝಲ್ಲೆಂದವು. ರೋಟರಿ ವಾಲ್ವ್ ಸರಿಯಿಲ್ಲ ಎನ್ನುವ ಎಷ್ಟೋ ದೂರುಗಳ ಮೂಲ ಈ ಎಳ್ಳಿನಷ್ಟು ಅಂತರದಲ್ಲಿರುತ್ತದೆ. ಹಾಗೆಂದು ತಟ್ಟೆ ಬಿಚ್ಚಿ ರೋಟರನ್ನೇ ಹೊರತೆಗೆಯುವ ಸಾಹಸವನ್ನು ಮನೆಯಲ್ಲಿ ಮಾಡಬೇಡಿ. ಒಂದು ಸಲ ಓರೆಯಾಗಿ ಬಡಿದು ಕೂರಿಸಿದರೆ ಅದು ಮತ್ತೆ ಮೊದಲಿನಂತಾಗುವುದಿಲ್ಲ.

ಮೂರನೆಯದಾಗಿ, ಒಂದೇ ಸ್ವರವನ್ನು ಎರಡು ದಾರಿಯಲ್ಲಿ ನುಡಿಸಿ ಹೋಲಿಸಿ. ಸಿ ಸ್ವರವನ್ನು ಖಾಲಿ ವಾದ್ಯದ ಆರನೆಯ ಪೊಸಿಷನ್ನಿನಲ್ಲಿ ನುಡಿಸಿ, ಕೂಡಲೆ ಎಫ್ ವಾಲ್ವ್ ಒತ್ತಿ ಮೊದಲನೆಯದರಲ್ಲಿ ನುಡಿಸಿ. ಕೆಳಗಿನ ಎಫ್ ಸ್ವರಕ್ಕೂ ಹೀಗೆಯೇ ಮಾಡಿ. ಜಿ ಫ್ಲ್ಯಾಟ್ ವಾಲ್ವಿಗೆ ಐದನೆಯ ಪೊಸಿಷನ್ನಿನ ಡಿ ಫ್ಲ್ಯಾಟ್ ಹೋಲಿಕೆಗೆ ಸರಿ. ಮೊದಲು ಮೆಲ್ಲಗೆ, ಆಮೇಲೆ ಜೋರಾಗಿ. ಜೋರಿನಲ್ಲಿ ಎಲ್ಲ ವಾಲ್ವ್‌ಗಳೂ ಚೆನ್ನಾಗಿಯೇ ಕೇಳುತ್ತವೆ. ಮೆಲುದನಿಯಲ್ಲಿ ಸ್ವರ ತಡವರಿಸದೆ ಹುಟ್ಟುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ. ಕೊನೆಗೆ ಎರಡೂ ಟ್ರಿಗರ್ ಒತ್ತಿ ಆ ಬಿ ನ್ಯಾಚುರಲ್ಲನ್ನು ಒಂದೇ ಉಸಿರಿನಲ್ಲಿ ಎಂಟು ಎಣಿಕೆ ಹಿಡಿದು ನೋಡಿ. ಆಕ್ಸಿಯಲ್ ವಾದ್ಯದಲ್ಲಿ ಆರಕ್ಕೇ ಉಸಿರು ಮುಗಿದರೆ ಅದು ನಿಮ್ಮ ಕೊರತೆಯಲ್ಲ, ವಾಲ್ವಿನ ಗುಣ.

ಏಳನೆಯ ಹೆಜ್ಜೆ: ಕೈಯನ್ನು ಕೇಳಿ

ಮೊದಲ ಟ್ರಿಗರ್ ಹೆಬ್ಬೆರಳಿಗೆ, ಎರಡನೆಯದು ಈಗಿನ ಬಹುತೇಕ ವಾದ್ಯಗಳಲ್ಲಿ ಎಡಗೈಯ ನಡುಬೆರಳಿಗೆ. ವಾದ್ಯದ ಎರಡು ಕಿಲೋಗೂ ಮೀರಿದ ತೂಕ ಹೊರುವುದೂ ಅದೇ ಕೈ. ಕನಿಷ್ಠ ಇಪ್ಪತ್ತು ನಿಮಿಷ ನಿಂತೇ ನುಡಿಸಿ. ಮೆರವಣಿಗೆಯಲ್ಲಿ ನುಡಿಸುವವರಾದರೆ ಅಂಗಳದಲ್ಲಿ ನಡೆಯುತ್ತಲೇ ನುಡಿಸಿ ನೋಡಬೇಕು. ಚಿಕ್ಕ ಕೈಯವರಿಗೆ ಆಕ್ಸಿಯಲ್ ವಾಲ್ವಿನ ಉದ್ದ ಸನ್ನೆ ದಣಿವು ತರುತ್ತದೆ. ಸನ್ನೆಯನ್ನು ಬಗ್ಗಿಸಿ ಕೈಗೆ ಹೊಂದಿಸಿಕೊಡುವ ರಿಪೇರಿಯವರಿದ್ದಾರೆ, ಅದನ್ನು ಕೊಳ್ಳುವಾಗಲೇ ಮಾಡಿಸಿಕೊಳ್ಳುವುದು ಲೇಸು.

ಟ್ರಿಗರಿನಿಂದ ರೋಟರಿಗೆ ಚಲನೆ ಒಯ್ಯುವುದು ದಾರದ ಮೂಲಕವೋ ಲೋಹದ ಗುಂಡಿ ಕೀಲಿನ ಮೂಲಕವೋ ಎಂದೂ ನೋಡಿ. ದಾರ ಸದ್ದಿಲ್ಲದ್ದು, ಮೃದು, ಆದರೆ ತುಂಡಾಗುತ್ತದೆ. ಕೀಲು ತುಂಡಾಗುವುದಿಲ್ಲ, ಸವೆದರೆ ಕಟಕಟ ಎನ್ನುತ್ತದೆ, ಬಿಡಿಭಾಗವನ್ನು ಹೊರಗಿನಿಂದ ತರಿಸಬೇಕು. ನಾನು ದಾರದ ಪರ. ನೇಯ್ದ ಡೇಕ್ರಾನ್ ಗಾಳದ ದಾರ ಇದಕ್ಕೆ ಹೇಳಿ ಮಾಡಿಸಿದಂತಿದೆ. ಮೀನು ಹಿಡಿಯುವ ಸಾಮಾನಿನ ಅಂಗಡಿಯಲ್ಲಿ ಕೇಳಿದರೆ ಸಿಗುತ್ತದೆ. ಒಂಟಿ ಎಳೆಯ ನೈಲಾನ್ ದಾರ ಬೇಡ, ಅದು ಹಿಗ್ಗುತ್ತದೆ, ಗಂಟು ಜಾರುತ್ತದೆ. ಬಿಚ್ಚುವ ಮೊದಲು ಹಳೆಯ ದಾರ ಎಂಟರ ಆಕಾರದಲ್ಲಿ ಹೇಗೆ ಸುತ್ತಿದೆ ಎಂದು ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಎಂಟನೆಯ ಹೆಜ್ಜೆ: ಮೊದಲ ಮಳೆಗಾಲಕ್ಕೆ ಅಣಿಯಾಗಿ

ಕೊಂಡ ವಾಲ್ವ್ ಯಾವುದೇ ಇರಲಿ, ಎಣ್ಣೆ ಎರಡು ಬಗೆಯದು ಬೇಕು. ರೋಟರಿನ ಮೈಗೆ ತೆಳುವಾದದ್ದು, ಅಚ್ಚಿನ ಎರಡು ತುದಿಗೆ ಸ್ವಲ್ಪ ದಪ್ಪನೆಯದು. ಅಚ್ಚಿನ ಎಣ್ಣೆಯನ್ನು ಮುಚ್ಚಳ ತೆಗೆದು ಒಂದು ಹನಿ, ಮುಂದಿನ ತಿರುಗುಕೀಲಿನ ಬುಡಕ್ಕೆ ಒಂದು ಹನಿ ಬಿಡಿ. ರೋಟರಿನ ಎಣ್ಣೆಯನ್ನು ಎಫ್ ಟ್ಯೂನಿಂಗ್ ಸ್ಲೈಡ್ ತೆಗೆದು ಕೊಳವೆಯೊಳಗೆ ಬಿಡಬೇಕು. ಆಗ ಕೊಳವೆಯ ಗೋಡೆಯ ಗ್ರೀಸನ್ನು ಕೊಚ್ಚಿಕೊಂಡು ಹೋಗಿ ವಾಲ್ವನ್ನೇ ಅಂಟಿಸದಂತೆ, ಉದ್ದ ಮೂತಿಯ ಬಾಟಲಿಯಿಂದ ನಡುವಿಗೇ ಬೀಳಿಸಿ. ಕೊಬ್ಬರಿ ಎಣ್ಣೆ ಯಾವ ಕಾರಣಕ್ಕೂ ಬೇಡ. ಡಿಸೆಂಬರಿನ ಬೆಳಗ್ಗೆ ಬಚ್ಚಲುಮನೆಯ ಬಾಟಲಿಯಲ್ಲಿ ಅದು ಹೆಪ್ಪುಗಟ್ಟುವುದನ್ನು ನೋಡಿದ್ದೀರಿ. ವಾಲ್ವಿನಲ್ಲೂ ಅದೇ ಆಗುತ್ತದೆ. ಹಂಡೆ ಬೆಳಗುವ ಹುಣಸೆಹಣ್ಣನ್ನೂ ವಾಲ್ವಿನ ಹತ್ತಿರ ತರಬೇಡಿ.

ಮಳೆಗಾಲದಲ್ಲಿ ನುಡಿಸದ ದಿನವೂ ಸಂಜೆಗೊಮ್ಮೆ ಎರಡೂ ಟ್ರಿಗರ್‌ಗಳನ್ನು ಹತ್ತಿಪ್ಪತ್ತು ಸಲ ಒತ್ತಿ ಬಿಡಿ. ನುಡಿಸಿದ ದಿನ ಎಲ್ಲ ಟ್ಯೂನಿಂಗ್ ಸ್ಲೈಡುಗಳನ್ನೂ ತೆಗೆದು ಒಳಗಿನ ನೀರು ಬಸಿದು, ಒರೆಸಿ, ಅರ್ಧ ಗಂಟೆ ಹೊರಗಿಟ್ಟು, ಆಮೇಲೆ ಪೆಟ್ಟಿಗೆಗೆ ಹಾಕಿ. ಪೆಟ್ಟಿಗೆಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳಿರಲಿ, ಹದಿನೈದು ದಿನಕ್ಕೊಮ್ಮೆ ಅವನ್ನು ಬಿಸಿ ಬಾಣಲೆಯ ಮೇಲೆ ಒಣಗಿಸಿಕೊಳ್ಳಿ. ಬೆಚ್ಚಗಿರುತ್ತದೆಂದು ಬಚ್ಚಲ ಒಲೆಯ ಪಕ್ಕದ ಗೋಡೆಗೆ ಒರಗಿಸಬೇಡಿ, ಅಲ್ಲಿಯ ಹೊಗೆಯೂ ಹಬೆಯೂ ಸೇರಿ ಕಿಲುಬು ಹೆಚ್ಚಾಗುತ್ತದೆ. ನೆಲದಿಂದ ಮೇಲೆ, ಜನ ಓಡಾಡುವ ಕೋಣೆಯ ಒಳಗೋಡೆಯ ಪಕ್ಕ ಇಡಿ. ಪೆಟ್ಟಿಗೆಯ ಜೇಬಿನಲ್ಲಿ ಒಂದು ಮೊಳ ಡೇಕ್ರಾನ್ ದಾರ, ದಾರದ ತಿರುಪಿಗೆ ಹೊಂದುವ ಚಿಕ್ಕ ಸ್ಕ್ರೂ ಡ್ರೈವರ್, ಕತ್ತರಿಸಿದ ನಾಲ್ಕು ಕಾರ್ಕ್ ತುಂಡು, ಎರಡು ಎಣ್ಣೆಯ ಬಾಟಲಿ ಸದಾ ಇರಲಿ.